ಅರ್ಥ ಆಯ್ತಾ ಅಂತ ಕೇಳಬೇಡಿ

ಮೊದಲ ಸಲ ಆನ್‌ಲೈನ್‌ನಲ್ಲಿ ಕೋರ್ಸ್ ತೆಗೆದುಕೊಳ್ಳಲಿರುವ ಮೇಷ್ಟ್ರುಗಳು ಹೆಚ್ಚಾಗಿ ಕೇಳುವುದು ಮೈಕ್, ಕ್ಯಾಮೆರಾ, ಆ್ಯಪ್ ಬಗ್ಗೆ. ಮೈಕ್ ಒಂದು ಚೆನ್ನಾಗಿರಲಿ. ಮುಖ ಮಸುಕಾಗಿ ಕಂಡರೂ ನಡೆಯುತ್ತದೆ, ದನಿ ಕಟ್ ಕಟ್ ಆದರೆ ಹುಡುಗರು ಕೇಳುವುದನ್ನೇ ಬಿಡುತ್ತಾರೆ. ಉಳಿದದ್ದೆಲ್ಲ ಒಂದೆರಡು ವಾರದಲ್ಲಿ ತಾನಾಗಿ ಕೈಗೆ ಹತ್ತುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಕ್ಲಾಸ್‌ರೂಮಿನಲ್ಲಿ ನಾವು ಪಾಠ ಮಾಡುತ್ತಲೇ ಮುಖಗಳನ್ನು ಓದುತ್ತಿರುತ್ತೇವೆ. ಬರೆಯುತ್ತಿದ್ದ ಪೆನ್ನು ನಿಲ್ಲುತ್ತದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಗುತ್ತದೆ. ಒಬ್ಬಳು ಪಕ್ಕದವಳ ನೋಟ್ಸ್ ಇಣುಕುತ್ತಾಳೆ. ಅದನ್ನು ಕಂಡದ್ದೇ ಇನ್ನೊಂದು ಉದಾಹರಣೆ ಕೊಡುತ್ತೇವೆ. ಇದನ್ನೆಲ್ಲ ಮಾಡುತ್ತಿದ್ದೇವೆ ಅನ್ನುವುದು ನಮಗೇ ಗೊತ್ತಿರುವುದಿಲ್ಲ. ಆನ್‌ಲೈನ್‌ನಲ್ಲಿ ಹೋಗುವುದು ಇದೇ. ನಾನು ಕಲಿಸಿದ್ದು ಸಂಖ್ಯಾಶಾಸ್ತ್ರ. ಮಧ್ಯೆ ನಿಲ್ಲಿಸಿ "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ "ಯೆಸ್ ಮೇಡಂ" ಬರುತ್ತಿತ್ತು. ಪ್ರತಿಸಲ ಅದೇ ಇಬ್ಬರಿಂದ. ಉಳಿದವರಿಗೆ ಅರ್ಥವಾಗಿದೆಯೋ, ನಿದ್ದೆ ಬಂದಿದೆಯೋ, ದೇವರಿಗೇ ಗೊತ್ತು.

ಹಾಗಾದರೆ ಎಲ್ಲರೂ ಕ್ಯಾಮೆರಾ ಆನ್ ಮಾಡಲಿ ಅಂತ ಹಲವರು ಹೇಳುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಮನೆಯಿಂದ ಕ್ಲಾಸಿಗೆ ಕೂರುವವರಿರುತ್ತಾರೆ. ನೆಟ್ ಸಾಲದವರಿರುತ್ತಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೋ ಕರೆ ಯಾಕೆ ಸುಸ್ತು ಮಾಡುತ್ತದೆ ಅನ್ನುವುದಕ್ಕೆ ನಾಲ್ಕು ಕಾರಣ ಮುಂದಿಟ್ಟರು. ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಇಡೀ ಹೊತ್ತು ಕಾಣುವ ನಮ್ಮದೇ ಮುಖ, ಅಲುಗಾಡದೆ ಕೂರಬೇಕಾದ ಪಾಡು, ಸನ್ನೆ ಕಳಿಸುವುದಕ್ಕೂ ಗ್ರಹಿಸುವುದಕ್ಕೂ ಬೇಕಾಗುವ ಹೆಚ್ಚಿನ ಶ್ರಮ. ಇಷ್ಟು ಸಹಿಸಿಕೊಂಡು ಕ್ಯಾಮೆರಾ ಹಾಕಿದರೂ ನಮಗೆ ಸಿಗುವುದೇನು? ಪರದೆ ನೋಡುವ ಕಣ್ಣು. ಅದು ನಮ್ಮ ಸ್ಲೈಡ್ ನೋಡುತ್ತಿದೆಯೋ ಕ್ರಿಕೆಟ್ ಸ್ಕೋರ್ ನೋಡುತ್ತಿದೆಯೋ, ಹೇಗೆ ಹೇಳುವುದು?

ಮುಖದ ಬದಲು ಉತ್ತರ ಕೇಳಬೇಕು. "ಅರ್ಥ ಆಯ್ತಾ" ಅನ್ನುವುದು ಪ್ರಶ್ನೆಯೇ ಅಲ್ಲ. ಹೀಗೆ ಕೇಳಿ: ಹತ್ತು ಜನರ ಸಂಬಳದ ಪಟ್ಟಿ ಇದೆ. ಅತಿ ಹೆಚ್ಚು ಸಂಬಳದವನನ್ನು ತೆಗೆದು ಅವನ ಜಾಗಕ್ಕೆ ಒಬ್ಬ ಕೋಟ್ಯಧಿಪತಿಯನ್ನು ಹಾಕಿದೆವು. ಸರಾಸರಿ ಏನಾಗುತ್ತದೆ, ಮಧ್ಯಾಂಕ (ಸಂಬಳಗಳನ್ನು ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಬೆಲೆ) ಏನಾಗುತ್ತದೆ? ಉತ್ತರ ಟೈಪ್ ಮಾಡಿಟ್ಟುಕೊಳ್ಳಿ, ನಾನು ಹೇಳುವವರೆಗೆ ಎಂಟರ್ ಒತ್ತಬೇಡಿ ಅಂತ ಹೇಳಿ. ಆಮೇಲೆ "ಹೂಂ, ಈಗ" ಅನ್ನಿ. ಇಡೀ ಕ್ಲಾಸಿನ ಉತ್ತರ ಒಟ್ಟಿಗೆ ಬಂದು ಬೀಳುತ್ತದೆ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯುವ ಹಾಗಿಲ್ಲ. ಕ್ಲಾಸ್‌ರೂಮಿನಲ್ಲಿ ಯಾವತ್ತೂ ಕೈ ಎತ್ತದವರ ಉತ್ತರವೂ ಅದರಲ್ಲಿರುತ್ತದೆ. ಎಷ್ಟೋ ಜನ ಎರಡೂ ಜಾಸ್ತಿ ಆಗುತ್ತದೆ ಅಂತ ಬರೆಯುತ್ತಾರೆ. ಸರಾಸರಿ ಮಾತ್ರ ಏರುತ್ತದೆ, ಮಧ್ಯಾಂಕ ಇದ್ದಲ್ಲೇ ಇರುತ್ತದೆ. ಆ ತಪ್ಪು ಉತ್ತರಗಳಿಂದಲೇ ಮುಂದಿನ ಹತ್ತು ನಿಮಿಷ ಏನು ಹೇಳಬೇಕು ಅಂತ ಗೊತ್ತಾಗುತ್ತದೆ. ಇದು ಮಾತ್ರ ನನಗೆ ರೂಮಿನಲ್ಲಿ ಸಿಗದ ಸುಖ.

ಕೇಳಿದ ಮೇಲೆ ಕಾಯಬೇಕು. ಇದು ಬಹಳ ಕಷ್ಟ. ಮೇಷ್ಟ್ರುಗಳಿಗೆ ಮೌನ ಅಂದರೆ ಭಯ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್‌ಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಕೊಡದವರು ಕಡಿಮೆಯಾದರು. ಅದು ಎದುರೆದುರು ಕೂತ ತರಗತಿಯ ಲೆಕ್ಕ. ಇಲ್ಲಿ ನಮ್ಮ ದನಿ ತಲುಪಬೇಕು, ಅವರು ಯೋಚಿಸಬೇಕು, ಮ್ಯೂಟ್ ತೆಗೆಯಬೇಕು ಅಥವಾ ಟೈಪ್ ಮಾಡಬೇಕು. ನಾನು ನೀರು ಕುಡಿಯುವ ನೆಪ ಹುಡುಕಿಕೊಂಡಿದ್ದೆ.

ರೆಕಾರ್ಡ್ ಮಾಡಿದ ಪಾಠದ ಬಗ್ಗೆ ಒಂದು ಮಾತು. "ವಿಡಿಯೋ 6 ನಿಮಿಷ ದಾಟಬಾರದು" ಅಂತ ಎಲ್ಲರೂ ಹೇಳುತ್ತಾರಲ್ವಾ? ಅದರ ಮೂಲ 2014ರ ಒಂದು ಅಧ್ಯಯನ. ಫಿಲಿಪ್ ಗುವೊ ಮತ್ತು ಜೊತೆಗಾರರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ 69 ಲಕ್ಷ ವಿಡಿಯೋ ವೀಕ್ಷಣೆಗಳ ಮಾಹಿತಿ ತೆಗೆದು ನೋಡಿದ್ದರು. ಆದರೆ ಅವು ಯಾರು ಬೇಕಾದರೂ ಸೇರಿ, ಬೇಡವೆನಿಸಿದರೆ ಬಿಡಬಹುದಾದ ಕೋರ್ಸ್‌ಗಳು. ನಮ್ಮ ಹುಡುಗರಿಗೆ ಮುಂದೆ ಪರೀಕ್ಷೆ ಇದೆ. ಹಾಗಾಗಿ ಗಡಿಯಾರ ಇಟ್ಟುಕೊಂಡು ಕೂರಬೇಕಿಲ್ಲ. ಒಂದು ವಿಡಿಯೋಗೆ ಒಂದು ವಿಷಯ ಸಾಕು.

ಈಗ ನನಗೆ ಸಿಟ್ಟು ಬರುವ ಸಂಗತಿ. "ಒಂದು ಸಲ ರೆಕಾರ್ಡ್ ಮಾಡಿಟ್ಟರೆ ಆಯ್ತು, ಎಷ್ಟು ಜನಕ್ಕೆ ಬೇಕಾದರೂ ತೋರಿಸಬಹುದು" ಅನ್ನುವ ಆಡಳಿತದವರ ಲೆಕ್ಕಾಚಾರ. ದೂರದಿಂದ ಕಲಿಸುವುದು ನಿನ್ನೆ ಮೊನ್ನೆಯದ್ದಲ್ಲ. 1840ರಲ್ಲೇ ಐಸಾಕ್ ಪಿಟ್‌ಮನ್ ಬ್ರಿಟನ್‌ನಲ್ಲಿ ಅಂಚೆ ಮೂಲಕ ಶೀಘ್ರಲಿಪಿ ಕಲಿಸುತ್ತಿದ್ದರು. ಕಲಿಯುವವರು ಬರೆದು ಕಳಿಸಿದ್ದನ್ನು ತಿದ್ದಿ ವಾಪಸ್ ಕಳಿಸುವುದೇ ಆ ಪಾಠದ ಜೀವಾಳ. ಬ್ರಿಟನ್‌ನ ಓಪನ್ ಯೂನಿವರ್ಸಿಟಿಯಲ್ಲಿ 1971ರಲ್ಲಿ ಪಾಠ ಶುರುವಾದಾಗ ಬಿಬಿಸಿಯಲ್ಲಿ ಕಾರ್ಯಕ್ರಮಗಳು ಬರುತ್ತಿದ್ದವು, ಸರಿ. ಜೊತೆಗೆ ಅಸೈನ್‌ಮೆಂಟ್ ಓದಿ ಬರೆದು ಕಳಿಸುವ ಟ್ಯೂಟರ್‌ಗಳೂ ಇದ್ದರು. ಟಿವಿಯೊಂದೇ ಸಾಕು ಅಂತ ಅವರು ಅಂದುಕೊಳ್ಳಲಿಲ್ಲ.

ನನ್ನ ಸಮಯ ಹೋದದ್ದೂ ಈ ಬರೆಯುವ, ತಿದ್ದುವ ಕೆಲಸದಲ್ಲೇ. ರೂಮಿನಲ್ಲಿ ಬಾಯಿಮಾತಲ್ಲಿ ಮುಗಿಯುವುದನ್ನು ಇಲ್ಲಿ ಬರೆದಿಡಬೇಕು. ಯಾವ ಫೈಲ್, ಎಲ್ಲಿ ಹಾಕಬೇಕು, ಯಾವಾಗ ಕೊನೆ. "ಭಾನುವಾರ ರಾತ್ರಿ 12 ಗಂಟೆ" ಅಂತ ಬರೆದರೆ ಅದು ಶನಿವಾರ ಮುಗಿಯುವ ರಾತ್ರಿಯೋ ಭಾನುವಾರ ಮುಗಿಯುವ ರಾತ್ರಿಯೋ ಅಂತ ಜಗಳ ಗ್ಯಾರಂಟಿ. 11:59 ಅಂತ ಬರೆಯಿರಿ. ಆಮೇಲೆ ಪ್ರತಿಯೊಬ್ಬರ ಅಸೈನ್‌ಮೆಂಟ್‌ಗೂ ಎರಡು ಸಾಲಿನ ಉತ್ತರ. ಆ ಎರಡು ಸಾಲು ಬಂದ ಮೇಲೆ ಹಲವರು ಮೊದಲ ಸಲ ತಾವಾಗಿ ಮೆಸೇಜ್ ಮಾಡಿ ಸಂದೇಹ ಕೇಳಿದರು.

ಒಬ್ಬರಿಗೆ 5 ನಿಮಿಷ ಅಂತಿಟ್ಟುಕೊಳ್ಳಿ. 60 ಜನಕ್ಕೆ 5 ಗಂಟೆ. 300 ಜನಕ್ಕೆ 25 ಗಂಟೆ, ಅದೂ ಒಂದೇ ಅಸೈನ್‌ಮೆಂಟ್‌ಗೆ. ಕೋರ್ಸ್ ಒಪ್ಪಿಕೊಳ್ಳುವ ಮೊದಲು ಕ್ಲಾಸಿನಲ್ಲಿ ಎಷ್ಟು ಜನ ಅಂತ ಕೇಳಿ. ಸಂಖ್ಯೆ ದೊಡ್ಡದಿದ್ದರೆ ತಿದ್ದಲು ಯಾರನ್ನು ಕೊಡುತ್ತೀರಿ ಅಂತಲೂ ಆಗಲೇ ಕೇಳಿ. ಸೆಮಿಸ್ಟರ್ ಶುರುವಾದ ಮೇಲೆ ಕೇಳಿದರೆ ಯಾರೂ ಸಿಗುವುದಿಲ್ಲ.