ಅರ್ಧ ಬಿಸಿನೀರಿನ ಲೆಕ್ಕ

ಇದನ್ನು ಬರೆಯುವಾಗಲೂ ಮೂಗು ಸೋರುತ್ತಿದೆ. ಕಾರಣ ಮಳೆಯಲ್ಲ, ಭಾವ.

ನಿನ್ನೆ ಶಿವಮೊಗ್ಗದಲ್ಲಿ ಗೃಹಪ್ರವೇಶವಿತ್ತು. ಎಂಟಕ್ಕೆ ಬಸ್ಸು. ಬಚ್ಚಲ ಹಂಡೆ ತೂತಾಗಿ ವಾರವಾಗಿದೆ, ಒಲೆಗೆ ಹಾಕುವ ಅಡಿಕೆ ಸಿಪ್ಪೆಗೂ ಥಂಡಿ. ಹಾಗಾಗಿ 20 ಲೀಟರ್ ಬಕೆಟ್ಟಿಗೆ ರಾಡ್ ಇಳಿಬಿಟ್ಟಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಸ್ವಿಚ್ ಆರಿಸಿ ಬೆರಳು ಅದ್ದಿದರೆ, ನೀರಿನ ಚಳಿ ಬಿಟ್ಟಿತ್ತು ಅಷ್ಟೇ.

"ಈ ರಾಡ್ ಹಾಳಾಗಿ ಹೋಯ್ತು" ಎಂದು ಬೈದದ್ದೇ ತಪ್ಪಾಯಿತು. ಜಗಲಿಯಲ್ಲಿದ್ದ ಭಾವ ಎದ್ದು ಬಂದರು. ಫಿಸಿಕ್ಸ್ ಮೇಷ್ಟ್ರಾಗಿ ನಿವೃತ್ತರಾದವರು. ಉಳಿದವರು ಕವಳದ ಸಂಚಿ ಇಟ್ಟುಕೊಳ್ಳುವಂತೆ ಇವರು ಮಲ್ಟಿಮೀಟರ್ ಇಟ್ಟುಕೊಳ್ಳುತ್ತಾರೆ. ನೆಂಟರ ಮನೆಗೆ ಹೋದರೆ ಕಾಫಿಗೂ ಮೊದಲು ಪ್ಲಗ್ಗಿಗೆ ಕಡ್ಡಿ ಚುಚ್ಚುತ್ತಾರೆ.

"160 ಇದೆ ನೋಡು." ತಲೆ ಮೇಲಿನ ಬಲ್ಬು ಹಣ್ಣಡಿಕೆ ಬಣ್ಣಕ್ಕೆ ತಿರುಗಿತ್ತು. ಅದನ್ನು ಹೇಳಲು ಮೀಟರ್ ಬೇಕಿತ್ತಾ?

ಅಷ್ಟಕ್ಕೇ ಬಿಡಬೇಕಲ್ಲ. ರಾಡಿನ ರೆಸಿಸ್ಟೆನ್ಸ್ ನೋಡಬೇಕಂತೆ. ಕರೆಂಟ್ ಇರುವಾಗ ಅದನ್ನು ಅಳೆಯಬಾರದಂತೆ. ಪ್ಲಗ್ ಕೀಳಿಸಿದರು, ರಾಡ್ ಎತ್ತಿಸಿದರು, ನನ್ನದೇ ಟವೆಲ್ಲಿನಲ್ಲಿ ಒರೆಸಿದರು. ನೀರು ಯಾಕೆ ಕಾಯುತ್ತಿಲ್ಲ ಎಂದು ಕಂಡುಹಿಡಿಯಲು ಕಾಯುವುದನ್ನೇ ನಿಲ್ಲಿಸಿದ ಮಹಾನುಭಾವ! ನಾನು ಪಂಚೆ ಸುತ್ತಿಕೊಂಡು, ಬರಿ ಮೈಯಲ್ಲಿ ನಡುಗುತ್ತಾ ನಿಂತಿದ್ದೆ.

"53 ಓಮ್. ರಾಡ್ ಸರಿ ಇದೆ. ಈಗ ನೀನೇ ಹೇಳು, ಕರೆಂಟ್ ಎಷ್ಟು?"

"ಭಾವಾ, ಬಸ್ಸು..."

"160ನ್ನು 53ರಿಂದ ಭಾಗಿಸೋ."

"ಮೂರು."

"ಮೂರು ಏನು? ಮಾವಿನಕಾಯಾ?"

"ಆಂಪಿಯರ್."

ಗೃಹಪ್ರವೇಶದ ಕರೆಯೋಲೆಯ ಬೆನ್ನಿಗೇ ಬರೆದುಕೊಂಡರು. 160 ವೋಲ್ಟಿಗೆ 3 ಆಂಪಿಯರ್, ಗುಣಿಸಿದರೆ 480 ವ್ಯಾಟ್. ರಾಡಿನ ಮೇಲೆ 230 ವೋಲ್ಟಿಗೆ 1000 ವ್ಯಾಟ್ ಎಂದು ಅಚ್ಚಾಗಿದೆ. ವೋಲ್ಟೇಜ್ ಮೂರರಲ್ಲೊಂದು ಪಾಲು ಇಳಿದರೆ ಶಾಖವೂ ಅಷ್ಟೇ ಇಳಿಯುತ್ತದೆ ಎಂದು ಸುಮ್ನೆ ಅಂದುಕೊಂಡಿದ್ದೆ. ವೋಲ್ಟೇಜಿನ ಜೊತೆ ಕರೆಂಟೂ ಇಳಿಯುತ್ತದಂತೆ, ಎರಡೂ ಸೇರಿ ಶಾಖವನ್ನು ಅರ್ಧ ಮಾಡುತ್ತವಂತೆ. ಅರ್ಧ ಗಂಟೆಯ ನೀರಿಗೆ ಒಂದು ಗಂಟೆ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಜಾಸ್ತಿ ಸಿಟ್ಟು ತಂದದ್ದು.

ಲಿಂಗನಮಕ್ಕಿ ಕಟ್ಟೆ 1964ರದ್ದು. ನಮ್ಮಜ್ಜನ ಗದ್ದೆ ಅದರ ಹಿನ್ನೀರಿನ ಅಡಿಯಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ದಡದಲ್ಲಿ ನಿಂತು, ಕೈ ಚಾಚಿ, "ಅಲ್ಲಿ ನಮ್ಮ ಬಾವಿ" ಎನ್ನುತ್ತಿದ್ದರು. ನಮಗೆ ಬರೀ ಕೆಸರು ಕಾಣುತ್ತಿತ್ತು. ಆ ನೀರಿನ ಕರೆಂಟು ಊರೂರಿಗೆ ಹೋಗಿ, ನಮ್ಮ ಬಚ್ಚಲಿಗೆ ಬರುವ ಹೊತ್ತಿಗೆ 160.

ಕೊನೆಗೆ ರಾಡ್ ಮತ್ತೆ ಬಕೆಟ್ಟಿಗಿಳಿಯಿತು. ಸ್ವಿಚ್ ಹಾಕಿದೆ. ಹಣ್ಣಡಿಕೆಯೂ ಆರಿಹೋಯಿತು.

ಭಾವ ಕತ್ತಲಲ್ಲೇ ಗಂಟಲು ಸರಿಮಾಡಿಕೊಂಡರು. "ಈಗ ಲೆಕ್ಕ ಸುಲಭ."

ತಣ್ಣೀರು ಸುರಿದುಕೊಂಡೆ. ಏದುಸಿರು ಬಿಡುತ್ತಾ ಹೊರಗೆ ಬಂದರೆ ಭಾವ ಇಸ್ತ್ರಿ ಅಂಗಿ ತೊಟ್ಟು, ವಿಭೂತಿ ಇಟ್ಟುಕೊಂಡು, ಬಸ್ಸಿಗೆ ತಯಾರಾಗಿ ಕೂತಿದ್ದಾರೆ.

"ನೀವು ಸ್ನಾನ?"

"ನಾನು ಐದಕ್ಕೇ ಮಿಂದಾಯ್ತು ಮಾರಾಯ. ಆಮೇಲೆ ಎಲ್ಲರ ಮನೆಯಲ್ಲೂ ರಾಡು, ಪಂಪು ಶುರುವಾಗ್ತದಲ್ಲ? ಐದಕ್ಕೆ 225 ಇತ್ತು. ನೋಡಿಯೇ ಹಾಕಿದ್ದು."