ಹೆಬ್ಬಾಗಿಲು ದಾಟಿ ಹೋದವರಿಗೆ

ಬೆಳಿಗ್ಗೆಯಿಂದ ಮೂವರು ಗೆಳೆಯರು ಒಂದೇ ಲೇಖನವನ್ನು ಕಳುಹಿಸಿದ್ದಾರೆ. ಮೂವರೂ ಶಿವಮೊಗ್ಗದವರು, ಮೂವರಿಗೂ ನನ್ನ ಸಿಟ್ಟಿನ ಪರಿಚಯವಿದೆ. ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

ಉತ್ತರದ ಕಡೆಯ ಪ್ರವಾಸ ಬರಹಗಾರರೊಬ್ಬರು ಮಳೆಗಾಲದಲ್ಲಿ ನಾಲ್ಕು ದಿನ ಮಲೆನಾಡು ಸುತ್ತಿ ಬರೆದದ್ದು ಅದು. ಜೋಗಕ್ಕೆ ಎರಡು ಪುಟ, ಆಗುಂಬೆಗೆ ಒಂದು ಪುಟ. ಶಿವಮೊಗ್ಗಕ್ಕೆ ಮೂರೇ ವಾಕ್ಯ. ಇದು ಮಲೆನಾಡಿನ ಹೆಬ್ಬಾಗಿಲು. ಇಲ್ಲಿ ನೋಡುವಂಥದ್ದೇನೂ ಇಲ್ಲ, ರಾತ್ರಿ ತಂಗಿ ಬೆಳಗಿನ ಜಾವ ಹೊರಟುಬಿಡುವುದು ಲೇಸು. ಊರ ನಡುವೆ ಕೆಸರು ಬಣ್ಣದ ನದಿಯೊಂದು ಹರಿಯುತ್ತದೆ.

ನದಿಯೊಂದು! ಹೆಸರು ಸಹ ಬರೆದಿಲ್ಲ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ಗಂಗೆಯ ಪಕ್ಕದಲ್ಲಿ ಕೂರಿಸಿ ನಾವು ಹೇಳಿಕೊಂಡು ಬಂದ ಹೊಳೆ ಅದು. ಲಾಡ್ಜಿನ ಹುಡುಗನನ್ನು ಕೇಳಿದ್ದರೂ ಹೆಸರು ಹೇಳುತ್ತಿದ್ದ.

ಆ ಕೆಸರು ಬಣ್ಣದ ಬಗ್ಗೆ ನಾನು ಹೇಳಲೇಬೇಕು. ಜೂನ್ ಕಳೆದು ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಗುಡ್ಡದ ಮಣ್ಣು ಹೊತ್ತ ನೀರು ಗಾಜನೂರಿಗೆ ಬಂದು ಸೇರುತ್ತದೆ. ಅಣೆಕಟ್ಟಿನ ಗೇಟು ಎತ್ತಿದರೆಂದು ಸುದ್ದಿ ಬಂದರೆ ಸಾಕು, ಊರಿಗೆ ಊರೇ ಕಿವಿ ನಿಮಿರಿಸುತ್ತದೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೆ ಒಂದು ಕಲ್ಲಿನ ಮಂಟಪವಿದೆ. ತುಂಗೆ ತುಂಬಿದಳೋ ಇಲ್ಲವೋ ಎಂಬುದಕ್ಕೆ ನಮಗೆ ಅದೇ ಅಳತೆಗೋಲು. ಮಂಟಪ ಮುಳುಗಿದರೆ ಹೊಳೆ ತುಂಬಿತು, ಬಾಗಿನ ಕೊಡುವ ಕಾಲ ಬಂತು.

ಹೋದ ವರ್ಷ ಮಂಟಪ ಮುಳುಗಿದ ಸಂಜೆ ನಾನು ಸೇತುವೆಯ ಮೇಲಿದ್ದೆ. ಕೊಡೆಗೆ ಕೊಡೆ ತಾಗುವಷ್ಟು ಜನ. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಮೂಲೆಯಲ್ಲಿ ಕೆಂಡದ ಮೇಲೆ ಜೋಳ ಸುಡುವವನು, ಆ ಹೊಗೆ ಮಳೆಗೆ ಮೇಲೇರಲಾಗದೆ ನಮ್ಮ ಮೊಣಕಾಲಿನ ಮಟ್ಟದಲ್ಲೇ ಹರಡಿಕೊಂಡಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಅರಿಸಿನ, ಕುಂಕುಮ, ಎರಡು ಹಸಿರು ಬಳೆ ತೆಗೆದರು. ಗಾಳಿಗೆ ಕುಂಕುಮ ಹಾರಿ ನನ್ನ ಅಂಗಿಗೆ ಬಿತ್ತು. "ಬಿಡಪ್ಪ, ಅದೂ ಅವಳದೇ" ಎಂದರು. ಕೆಳಗೆ ಮಂಟಪದ ನೆತ್ತಿ ಇದ್ದ ಜಾಗದಲ್ಲಿ ಕೆಂಪು ನೀರು ಒಂದು ಸುಳಿ ಸುತ್ತಿ ಮುಂದಕ್ಕೆ ಹೋಗುತ್ತಿತ್ತು. ಆ ಕೆಂಪಿಗೇ ಅಷ್ಟು ಜನ ನೆನೆದುಕೊಂಡು ನಿಂತಿದ್ದರು. ಅದೇ ನೀರು ಈ ಮಹನೀಯರಿಗೆ ಬರೀ ಕೆಸರಾಗಿ ಕಂಡಿದೆ.

ಹೆಬ್ಬಾಗಿಲು ಎಂಬ ಮಾತಿಗೆ ಬರುತ್ತೇನೆ. ನಾವೂ ಅದನ್ನು ಹೇಳುತ್ತೇವೆ, ಸ್ವಾಗತ ಕಮಾನುಗಳ ಮೇಲೂ ಬರೆಯುತ್ತೇವೆ. ಆದರೆ ಮಲೆನಾಡಿನ ಮನೆಯ ಹೆಬ್ಬಾಗಿಲಿಗೆ ತಾಗಿಕೊಂಡೇ ಜಗುಲಿ ಇರುತ್ತದೆ. ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಅಲ್ಲಿ ಕೂರುತ್ತಾರೆ. ಬೆಲ್ಲ, ನೀರು ಬರುತ್ತದೆ. ಎಲೆ ಅಡಿಕೆಯ ತಟ್ಟೆ ಬರುತ್ತದೆ. ಅಡಿಕೆಯ ದರದಿಂದ ಹಿಡಿದು ಹೆಣ್ಣು ಗಂಡಿನ ಮಾತುಕತೆಯವರೆಗೆ ಎಲ್ಲವೂ ಅಲ್ಲೇ ನಡೆಯುತ್ತದೆ. ಹೆಬ್ಬಾಗಿಲು ಎಂದರೆ ದಾಟಿಕೊಂಡು ಹೋಗುವ ಜಾಗ ಎಂದು ನಮಗೆ ಯಾರೂ ಕಲಿಸಿರಲಿಲ್ಲ.

ಈ ಜಗುಲಿಯಲ್ಲಿ ಬಂದು ಕುಳಿತವರಲ್ಲಿ ನಮ್ಮ ಮನೆಯವರೂ ಇದ್ದಾರೆ. ನಮ್ಮದು ಮುಳುಗಡೆಯ ಮನೆತನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅಪ್ಪನಿಗೆ ಹನ್ನೆರಡು ವರ್ಷ. ಮನೆ, ತೋಟ, ಗದ್ದೆ, ಊರಿನ ದೇವಸ್ಥಾನ ಎಲ್ಲವೂ ಶರಾವತಿಯ ಹಿನ್ನೀರಿನ ಅಡಿಗೆ ಹೋದವು. ಲಾರಿಯಲ್ಲಿ ಪಾತ್ರೆ ಪಗಡಿ, ಎರಡು ದನ ತುಂಬಿಕೊಂಡು ಶಿವಮೊಗ್ಗದ ಕಡೆಗೆ ಬಂದ ನೂರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ಜಮೀನಿನ ಹಕ್ಕಿಗಾಗಿ ಮುಳುಗಡೆಯವರು ಇವತ್ತಿಗೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ಅಂಥವರಿಗೆ ಕೂಲಿ ಕೊಟ್ಟದ್ದು, ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡದ್ದು, ಗಾಂಧಿ ಬಜಾರಿನ ಅಂಗಡಿಯಲ್ಲಿ ಸಾಲದ ಮೇಲೆ ದಿನಸಿ ಕೊಟ್ಟದ್ದು ಈ ಊರು.

ಅದೇ ಲೇಖನದಲ್ಲಿ ಶರಾವತಿ ಹಿನ್ನೀರಿನ ಮೇಲೆ ಉದ್ದುದ್ದ ಹೊಗಳಿಕೆ ಇದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಮೇಲೆ ನಿಂತು ಅವರು ಕಂಡದ್ದು 'ಮನುಷ್ಯರ ಸೋಂಕೇ ತಾಗದ ಸರೋವರ'ವಂತೆ. ಇದನ್ನು ಓದುವಾಗ ನನ್ನ ಕೈ ನಡುಗಿತು, ಸುಳ್ಳು ಹೇಳುತ್ತಿಲ್ಲ. ಮನುಷ್ಯರು ಆ ನೀರಿನ ಅಡಿಯಲ್ಲಿ ಉಳುಮೆ ಮಾಡಿದ್ದಾರೆ, ಮದುವೆ ಮಾಡಿದ್ದಾರೆ, ಸತ್ತವರನ್ನು ಸುಟ್ಟಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ಅವರು ನಿಂತ ಸೇತುವೆಗೆ ಆ ದಡದ ಜನ ಅರುವತ್ತು ವರ್ಷ ಕಾದಿದ್ದಾರೆ. 2025ರ ಜುಲೈವರೆಗೆ ಬಸುರಿ ಬಾಣಂತಿಯರು ಕೂಡ ಹಿನ್ನೀರು ದಾಟಿಸುವ ಲಾಂಚಿಗಾಗಿ ದಡದಲ್ಲಿ ಕಾಯಬೇಕಿತ್ತು. ಇಂಥವರೇ ಏಪ್ರಿಲ್‌ನಲ್ಲಿ ಬಂದರೆ ಜೋಗ ಸೊರಗಿದೆ, ಬಂದದ್ದು ದಂಡ ಎಂದು ಬರೆಯುತ್ತಾರೆ. ನೀರು ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಆ ನೀರು ಕೊಳವೆಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತಿರುತ್ತದೆ.

ಗೆಳೆಯನೊಬ್ಬ ಆಗಲೇ ಸಂದೇಶ ಕಳುಹಿಸಿದ್ದಾನೆ: "ಹೊರಗಿನವರ ಕಣ್ಣಿಗೆ ನಮಗೆ ಕಾಣದ್ದು ಕಾಣುತ್ತದೆ ಮಾರಾಯ, ಇಷ್ಟು ಮುನಿಸು ಯಾಕೆ?" ನಿಜ, ಕಾಣಬಹುದು. ಊರಿನ ಚರಂಡಿ ನೀರು ತುಂಗೆಗೆ ಸೇರುವುದನ್ನು ಕಂಡು ಅವರು ಬರೆದಿದ್ದರೆ ನಾನೇ ನಾಲ್ಕು ಜನಕ್ಕೆ ಹಂಚುತ್ತಿದ್ದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಗೆ ಬಂದಿದ್ದ. ಕಂಪನಿ ಸರ್ಕಾರದ ಕೆಲಸಕ್ಕೆ ಬಂದವನು, ಅವನ ಉದ್ದೇಶದ ಬಗ್ಗೆ ನನಗೆ ಯಾವ ಪ್ರೀತಿಯೂ ಇಲ್ಲ. ಆದರೂ ಇಕ್ಕೇರಿ, ಸಾಗರದ ಕಡೆ ಅಡಿಕೆ ತೋಟದವರನ್ನು ಕೂರಿಸಿಕೊಂಡು ಗಿಡ ಹೇಗೆ ನೆಡುತ್ತೀರಿ, ಖರ್ಚೆಷ್ಟು, ಕಂದಾಯವೆಷ್ಟು ಎಂದು ಕೇಳಿ ಬರೆದುಕೊಂಡ. ಇನ್ನೂರು ವರ್ಷಗಳ ಹಿಂದೆ, ಭಾಷೆ ಬಾರದವನು, ದುಭಾಷಿಯನ್ನು ಕಟ್ಟಿಕೊಂಡು. ಆದ್ದರಿಂದ ಹೊರಗಿನವರು ಎಂಬ ವಿನಾಯಿತಿಯನ್ನು ನಾನು ಕೊಡಲಾರೆ. ಕೇಳದೆ ಬರೆದದ್ದಕ್ಕೆ ನನ್ನ ಜಗಳ.

ಮತ್ತೂರಿನದೂ ಇದೇ ಕಥೆ. ಸಂಸ್ಕೃತ ಗ್ರಾಮ ಎಂದು ಕ್ಯಾಮೆರಾ ಹಿಡಿದು ಹೋಗುತ್ತಾರೆ, ಜಗುಲಿಯಲ್ಲಿ ಕುಳಿತ ಹಿರಿಯರ ಬಾಯಿಂದ ಒಂದು ವಾಕ್ಯ ಹೇಳಿಸುತ್ತಾರೆ, ವಾಪಸ್ಸು ಬರುತ್ತಾರೆ. ಹೊಳೆಯಾಚೆಗಿನ ಹೊಸಹಳ್ಳಿಯ ಕಡೆ ತಲೆ ಕೂಡ ತಿರುಗಿಸುವುದಿಲ್ಲ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕ ಕಲೆಗೆ 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರ ಊರು ಅದು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಮೊದಲ ನೌಕರಿಗೆ ಸೇರಿದಾಗ ಯಾವ ಊರು ಎಂದು ಕೇಳಿದವರಿಗೆಲ್ಲ ನಾನು "ಜೋಗದ ಹತ್ತಿರ" ಎನ್ನುತ್ತಿದ್ದೆ. ಜೋಗ ಇಲ್ಲಿಂದ ನೂರು ಕಿಲೋಮೀಟರ್. ಶಿವಮೊಗ್ಗ ಎಂದರೆ ಅವರ ಮುಖದಲ್ಲಿ ಯಾವ ಚಿತ್ರವೂ ಮೂಡುತ್ತಿರಲಿಲ್ಲ, ಜೋಗ ಎಂದರೆ ಕಣ್ಣು ಅರಳುತ್ತಿತ್ತು. ಒಮ್ಮೆ ಅಪ್ಪ ನನ್ನ ಕೋಣೆಗೆ ಬಂದಿದ್ದಾಗ ಜೊತೆಯ ಹುಡುಗರು ಅವರನ್ನು ಜೋಗದ ಬಗ್ಗೆ ಕೇಳಿದರು. ಅಪ್ಪ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆ ನೋಟ ಇಪ್ಪತ್ತು ವರ್ಷಗಳಿಂದ ನನ್ನ ಜೊತೆಗಿದೆ. ಆ ಮೂರು ವಾಕ್ಯಗಳು ಇಷ್ಟು ಚುಚ್ಚಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಇದನ್ನು ಬರೆಯುವಾಗ ಹೊರಗೆ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ಅಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಮಂಟಪ ಮುಳುಗಿತೇ ಎಂಬುದೇ ಪ್ರಶ್ನೆ. ಪ್ರತಿ ವರ್ಷವೂ ಕೇಳುತ್ತಾರೆ. ನೀರಿಗೆ ಊರನ್ನೇ ಕಳೆದುಕೊಂಡವರಿಗೆ ಹೊಳೆ ಏರುವುದನ್ನು ನೋಡಲು ಇಷ್ಟು ಆಸೆ ಹೇಗೆ ಎಂದು ನಾನು ಒಮ್ಮೆ ಕೇಳಿದ್ದೆ. "ಇದು ಇಳಿಯುತ್ತದಲ್ಲೋ" ಎಂದಿದ್ದರು.

ಈಗ ಕೊಡೆ ಹಿಡಿದು ಜಗುಲಿಯಲ್ಲಿ ಕುಳಿತಿದ್ದಾರೆ. ಅವರನ್ನು ಸೇತುವೆಗೆ ಕರೆದುಕೊಂಡು ಹೋಗಬೇಕು.