ದೇಶಕ್ಕೊಂದು ಅಂಕ ಕೊಟ್ಟರೆ ರಿಸ್ಕ್ ಗೊತ್ತಾಗುತ್ತದೆಯೇ?

ಲಂಡನ್ನಿನ ದೊಡ್ಡ ಕಂಪನಿಗಳಲ್ಲಿ ಹೊಸ ದೇಶಕ್ಕೆ ಕಾಲಿಡುವ ಮಾತು ಬಂದರೆ ಮೊದಲು ತೆರೆಯುವುದು ಎಕ್ಸೆಲ್ ಹಾಳೆ. ದೇಶಕ್ಕೊಂದು ಸಾಲು, ಸಾಲಿಗೊಂದು ಅಂಕ. ನಮ್ಮ ಕಡೆಯ ಉದ್ಯಮಿಗಳು ಹಾಗಲ್ಲ. "ಅಲ್ಲಿ ನಮ್ಮೋರು ಯಾರಿದ್ದಾರೆ?" ಅನ್ನೋದು ಅವರ ಮೊದಲ ಪ್ರಶ್ನೆ. ಲಂಡನ್ನಿನಲ್ಲಿ ಕೂತು ಎರಡನ್ನೂ ನೋಡುವ ನನಗೆ ಎರಡರ ಮೇಲೂ ಪೂರ್ತಿ ನಂಬಿಕೆಯಿಲ್ಲ.

ಮೊದಲು ಅಂಕದ ಕಥೆ. ದೇಶಗಳ ರಿಸ್ಕ್ ಅಳೆಯಲು 1980ರಿಂದ ನಡೆದು ಬಂದಿರುವ ಐಸಿಆರ್‌ಜಿ ಎಂಬ ರೇಟಿಂಗ್ ಇದೆ. ಅದರಲ್ಲಿ ರಾಜಕೀಯಕ್ಕೆ 100 ಅಂಕ. ಸರ್ಕಾರದ ಸ್ಥಿರತೆಗೆ 12, ಒಳಗಿನ ಸಂಘರ್ಷಕ್ಕೆ 12, ಭ್ರಷ್ಟಾಚಾರಕ್ಕೆ 6, ಅಧಿಕಾರಿಗಳ ಆಡಳಿತದ ಗುಣಮಟ್ಟಕ್ಕೆ ಬರೀ 4. ಅಂಕ ಜಾಸ್ತಿಯಾದಷ್ಟೂ ರಿಸ್ಕ್ ಕಮ್ಮಿ ಅಂತ ಲೆಕ್ಕ. ಲೈಸೆನ್ಸಿಗಾಗಿ ಕಚೇರಿ ಕಚೇರಿ ಅಲೆದವರಿಗೆ ಆ 4 ನೋಡಿ ನಗು ಬರಬಹುದು. ಹೋಗಲಿ, ಹಂಚಿದ್ದು ಸರಿಯಾಗೇ ಇದೆ ಅಂದುಕೊಳ್ಳೋಣ. ಎಣ್ಣೆ ಬಾವಿ ತೋಡುವವನಿಗೂ ಲ್ಯಾಪ್‌ಟಾಪ್ ಹಿಡಿದು ಸಲಹೆ ಮಾರುವವನಿಗೂ ಒಂದೇ ಅಂಕವೇ? ಗಲಾಟೆಯಾದರೆ ಸಲಹೆಗಾರ ಮಾರನೇ ದಿನ ವಿಮಾನ ಹತ್ತುತ್ತಾನೆ. ಬಾವಿ ಎಲ್ಲಿಗೆ ಹೋಗುತ್ತದೆ? 2022ರಲ್ಲಿ ಯುಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದಾಗ, ರಷ್ಯಾದ ಎಣ್ಣೆ ಕಂಪನಿ ರಾಸ್‌ನೆಫ್ಟ್‌ನಲ್ಲಿದ್ದ 19.75% ಪಾಲನ್ನು ಬಿಟ್ಟುಬಿಡುವುದಾಗಿ ಬ್ರಿಟನ್ನಿನ ಎಣ್ಣೆ ಕಂಪನಿ ಬಿಪಿ ಹೇಳಿತು. ಸುಮಾರು 2,400 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಭಾರತದ ವಿಷಯ ಬಂದಾಗ ಇಲ್ಲಿನವರು ಇವತ್ತಿಗೂ ವೊಡಾಫೋನ್ ಹೆಸರು ಎತ್ತುತ್ತಾರೆ. ಹಚಿಸನ್ ಕಂಪನಿಯ ಭಾರತದ ಮೊಬೈಲ್ ವ್ಯವಹಾರವನ್ನು 2007ರಲ್ಲಿ ಖರೀದಿಸಿದ್ದಕ್ಕೆ ಅದು ತೆರಿಗೆ ಕಟ್ಟಬೇಕಿಲ್ಲ ಎಂದು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವೇ ತಿಂಗಳಲ್ಲಿ, ಇಂಥ ಹಳೆಯ ಖರೀದಿಗಳಿಗೂ ತೆರಿಗೆ ಬೀಳುವಂತೆ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಲಾಯಿತು. ಆ ತೆರಿಗೆ ಬೇಡಿಕೆಗಳಿಗೆ ತೆರೆ ಎಳೆಯುವ ಕಾನೂನು ಬಂದದ್ದು 2021ರಲ್ಲಿ. ಕೋರ್ಟ್ ಸ್ವತಂತ್ರವಾಗಿದೆ, ಚುನಾವಣೆ ಸರಿಯಾಗಿ ನಡೆಯುತ್ತದೆ ಎಂದು ಕೊಟ್ಟ ಅಂಕಗಳಲ್ಲಿ ಇದು ಎಲ್ಲಿ ಕಾಣಬೇಕಿತ್ತು?

ಹಾಗಂತ ನಮ್ಮ ದಾರಿಯೇ ಮೇಲು ಅನ್ನುವ ಹಾಗೂ ಇಲ್ಲ. ಅಲ್ಲೇ ನೆಲೆಸಿದವರಿಗೆ ಯಾವ ಫೈಲು ಯಾರ ಮೇಜಿನ ಮೇಲೆ ಕೂತಿದೆ ಅಂತ ಗೊತ್ತಿರುತ್ತದೆ, ನಿಜ. ಆದರೆ ಸರ್ಕಾರ ಬದಲಾದರೆ ಆ ಪರಿಚಯವೇ ಮುಳ್ಳಾಗಬಹುದು. ಜೊತೆಗೆ, ಕೆಲವು ಹೊಡೆತಗಳು ಯಾರ ಪರಿಚಯಕ್ಕೂ ಬಗ್ಗುವುದಿಲ್ಲ. ಏರ್‌ಟೆಲ್ ಆಫ್ರಿಕಾಗೆ ನೈಜೀರಿಯಾದಂಥ ದೇಶಗಳಲ್ಲಿ ಗ್ರಾಹಕರು ಹೆಚ್ಚುತ್ತಲೇ ಇದ್ದರು. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ಹಣವಾದ ನೈರಾದ ಬೆಲೆಯ ಮೇಲಿನ ಹಿಡಿತ ಸಡಿಲಿಸಿತು. ಡಾಲರಿಗೆ 460 ನೈರಾ ಆಸುಪಾಸಿನಲ್ಲಿದ್ದದ್ದು ಮುಂದಿನ ಮಾರ್ಚ್ ಹೊತ್ತಿಗೆ 1,300ರ ಸುತ್ತ ಹೋಗಿತ್ತು. ಆ ಮಾರ್ಚ್‌ಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಗೆ 8.9 ಕೋಟಿ ಡಾಲರ್ ನಷ್ಟ.

ನನಗೆ ಹಿಡಿಸುವುದು ವಿಮೆಯವರ ರೀತಿ. ವಿಶ್ವ ಬ್ಯಾಂಕ್ ಬಳಗದಲ್ಲಿ 1988ರಲ್ಲಿ ಶುರುವಾದ, ವಿದೇಶದಲ್ಲಿ ಹಾಕಿದ ಬಂಡವಾಳಕ್ಕೆ ವಿಮೆ ಕೊಡುವ ಮಿಗಾ ಒಂದೊಂದು ಅಪಾಯವನ್ನೂ ಬೇರೆ ಬೇರೆ ನೋಡುತ್ತದೆ. ಲಾಭವನ್ನು ಹೊರಗೆ ಕಳಿಸಲು ಬಿಡದಿರುವುದು ಒಂದು. ಆಸ್ತಿಯನ್ನು ಸರ್ಕಾರ ಕಿತ್ತುಕೊಳ್ಳುವುದು ಇನ್ನೊಂದು. ಯುದ್ಧ, ಗಲಭೆ ಬೇರೆ. ಸರ್ಕಾರವೇ ಒಪ್ಪಂದ ಮುರಿಯುವುದು ಬೇರೆ. ದೇಶ ಒಳ್ಳೆಯದೋ ಕೆಟ್ಟದೋ ಅನ್ನುವುದಕ್ಕಿಂತ, ಈ ಪ್ರಾಜೆಕ್ಟಿಗೆ ಏನಾಗಬಹುದು ಅನ್ನುವುದು ಮುಖ್ಯ. ದುಡ್ಡು ಹಾಕುವವರು ಕೇಳಬೇಕಾದದ್ದು ಇದನ್ನೇ ಅಲ್ವಾ? ನೈರಾದಂತೆ ಹಣದ ಬೆಲೆ ಬಿದ್ದರೆ ಮಾತ್ರ ಮಿಗಾ ಕೂಡ ಪರಿಹಾರ ಕೊಡುವುದಿಲ್ಲ. ಅದನ್ನು ಕಂಪನಿಯೇ ನೋಡಿಕೊಳ್ಳಬೇಕು.

ಇನ್ನೊಂದು ತಮಾಷೆ. ವಿದೇಶ ಅಂದಕೂಡಲೇ ಇಲ್ಲಿನವರ ಕಣ್ಣು ಲಾಗೋಸ್, ದೆಹಲಿ ಕಡೆಗೇ ಹೋಗುತ್ತದೆ. ಜಪಾನಿನ ನಿಸ್ಸಾನ್‌ಗೆ ಬ್ರಿಟನ್ನೂ ವಿದೇಶವೇ. ಅದರ ಸಂಡರ್‌ಲ್ಯಾಂಡ್ ಕಾರ್ಖಾನೆ 1986ರಿಂದ ಯುರೋಪಿನ ಮಾರುಕಟ್ಟೆ ನಂಬಿಕೊಂಡೇ ಬೆಳೆದದ್ದು. 2016ರ ಜನಮತದಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲು ತೀರ್ಮಾನಿಸಿತು. ನಿಸ್ಸಾನ್‌ಗೆ ಧೈರ್ಯ ಹೇಳಲು ಸರ್ಕಾರವೇ ಪತ್ರ ಬರೆಯಬೇಕಾಯಿತು. ಅಂಥ ಪತ್ರವನ್ನು ನೈಜೀರಿಯಾ ಬರೆದಿದ್ದರೆ ಲಂಡನ್ನಿನವರು ಅದನ್ನು ಭರವಸೆ ಅನ್ನುತ್ತಿದ್ದರೇ ಎಂಬ ಅನುಮಾನ ನನಗೆ ಈಗಲೂ ಇದೆ.